ಕಡತಕ್ಕೆ ಕಾವಲು ಕಟ್ಟಿದ ಡೆನಿಸ್ ರಿಚಿ

ವೆಬ್ ಸರ್ವರಿಗೆ ಕಡತಗಳನ್ನು ಏರಿಸಿದ ಬಳಿಕ ಪುಟ ತೆರೆಯದೆ, ಪ್ರವೇಶವಿಲ್ಲವೆಂಬ 403 ಸಂದೇಶ ಪರದೆಯ ಮೇಲೆ ಮೂಡಿತೆನ್ನಿ. ಬೆಂಗಳೂರಿನ ಎಂಜಿನಿಯರಾಗಲಿ ಬೋಸ್ಟನ್ನಿನ ವಿದ್ಯಾರ್ಥಿಯಾಗಲಿ ಆಗ ಪರಿಶೀಲಿಸುವುದು ಮೂರು ಸಂಗತಿಗಳನ್ನು: ಕಡತದ ಒಡೆಯ ಯಾರು, ಅದು ಯಾವ ಗುಂಪಿಗೆ ಸೇರಿದೆ, ಉಳಿದವರಿಗೆ ಏನು ಮಾಡಲು ಬಿಡಲಾಗಿದೆ. ಈ ಮೂರು ಪ್ರಶ್ನೆಗಳು ಅಂತರ್ಜಾಲ ಯುಗದವುಗಳಲ್ಲ. ಜಾಲತಾಣವೆಂಬುದೇ ಇಲ್ಲದಿದ್ದ ಕಾಲದಲ್ಲಿ, ಅಮೆರಿಕದ ನ್ಯೂಜೆರ್ಸಿಯ ಮರ್ರೆ ಹಿಲ್ ಎಂಬಲ್ಲಿನ ಪ್ರಯೋಗಾಲಯದಲ್ಲಿ ಇವುಗಳಿಗೆ ರೂಪ ಕೊಟ್ಟವರಲ್ಲಿ ಪ್ರಮುಖರು ಡೆನಿಸ್ ಮೆಕ್‌ಅಲಿಸ್ಟೇರ್ ರಿಚಿ. ಸಿ ಭಾಷೆಯ ಜನಕರೆಂದು ಅವರನ್ನು ಜಗತ್ತು ಬಲ್ಲದು. ಕಡತಗಳ ಕಾವಲಿಗೆ ಅವರು ಕೊಟ್ಟ ಕೊಡುಗೆ ಅಷ್ಟು ಪ್ರಚಾರ ಪಡೆಯಲಿಲ್ಲ.

ರಿಚಿ ಜನಿಸಿದ್ದು 1941ರ ಸೆಪ್ಟೆಂಬರ್ 9ರಂದು, ನ್ಯೂಯಾರ್ಕ್ ರಾಜ್ಯದ ಬ್ರಾಂಕ್ಸ್‌ವಿಲ್‌ನಲ್ಲಿ. ಬೆಳೆದದ್ದು ನ್ಯೂಜೆರ್ಸಿಯ ಸಮ್ಮಿಟ್ ಪಟ್ಟಣದಲ್ಲಿ. ತಂದೆ ಅಲಿಸ್ಟೇರ್ ರಿಚಿ ಬೆಲ್ ಲ್ಯಾಬ್ಸ್‌ನ ವಿಜ್ಞಾನಿ. ದೂರವಾಣಿ ಸ್ವಿಚಿಂಗ್ ಮಂಡಲಗಳ ವಿನ್ಯಾಸ ಕುರಿತ ಗ್ರಂಥವೊಂದರ ಸಹಲೇಖಕರು. ಮಗ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರದ ಪದವಿ ಪಡೆದು, ಅಲ್ಲಿಯೇ ಅನ್ವಯಿಕ ಗಣಿತದಲ್ಲಿ ಸಂಶೋಧನೆಗೆ ತೊಡಗಿದರು. 1967ರಲ್ಲಿ ತಂದೆಯಿದ್ದ ಸಂಸ್ಥೆಯನ್ನೇ ಸೇರಿದರು. 1968ರಲ್ಲಿ ಪಿಎಚ್.ಡಿ. ಪ್ರಬಂಧ ಸಿದ್ಧವಾಯಿತಾದರೂ ರಟ್ಟು ಕಟ್ಟಿದ ಪ್ರತಿಯನ್ನು ಗ್ರಂಥಾಲಯಕ್ಕೆ ಒಪ್ಪಿಸದ ಕಾರಣ ಪದವಿ ಅವರ ಕೈಸೇರಲೇ ಇಲ್ಲ. ಮುಂದೆ ಅದರ ಅಗತ್ಯವೂ ಬೀಳಲಿಲ್ಲವೆನ್ನಿ.

ಆಗ ಬೆಲ್ ಲ್ಯಾಬ್ಸ್, ಎಂಐಟಿ ಹಾಗೂ ಜನರಲ್ ಎಲೆಕ್ಟ್ರಿಕ್ ಕಂಪನಿಗಳು ಕೂಡಿ ಮಲ್ಟಿಕ್ಸ್ ಎಂಬ ಬೃಹತ್ ವ್ಯವಸ್ಥೆಯನ್ನು ಕಟ್ಟುತ್ತಿದ್ದವು. ಒಂದೇ ಗಣಕಯಂತ್ರವನ್ನು ನೂರಾರು ಮಂದಿ ಏಕಕಾಲದಲ್ಲಿ ಬಳಸಬೇಕು, ಒಬ್ಬರ ಮಾಹಿತಿಗೆ ಇನ್ನೊಬ್ಬರು ಕೈ ಹಾಕಬಾರದು ಎಂಬುದು ಅದರ ಆಶಯ. ಅಲ್ಲಿ ಪ್ರತಿಯೊಂದು ಮಾಹಿತಿ ಖಂಡಕ್ಕೂ ಒಂದು ಪಟ್ಟಿ. ಯಾರಿಗೆ ಯಾವ ಅಧಿಕಾರ ಎಂಬ ವಿವರವೆಲ್ಲ ಅದರಲ್ಲಿ. ವ್ಯವಸ್ಥೆ ಭವ್ಯವಾಗಿತ್ತು, ಅಷ್ಟೇ ಭಾರವೂ ಆಗಿತ್ತು. ಮುಗಿಯುವ ಲಕ್ಷಣ ಕಾಣದೆ 1969ರಲ್ಲಿ ಬೆಲ್ ಲ್ಯಾಬ್ಸ್ ಯೋಜನೆಯಿಂದ ಹೊರಬಂದಿತು. ಅದೇ ವರ್ಷ ಸಹೋದ್ಯೋಗಿ ಕೆನ್ ಥಾಂಪ್ಸನ್ ಮೂಲೆಗುಂಪಾಗಿದ್ದ ಪಿಡಿಪಿ-7 ಯಂತ್ರದ ಮೇಲೆ ಪುಟ್ಟದೊಂದು ವ್ಯವಸ್ಥೆಯನ್ನು ಬರೆಯಲಾರಂಭಿಸಿದಾಗ ರಿಚಿ ಅವರ ಜೊತೆಗೂಡಿದರು. ಅದೇ ಯುನಿಕ್ಸ್.

ಬಳಿಕ ಸಂಸ್ಥೆಯ ಪೇಟೆಂಟ್ ವಿಭಾಗಕ್ಕೆ ದಾಖಲೆಗಳನ್ನು ಸಿದ್ಧಪಡಿಸಿಕೊಡುವ ನೆಪದಲ್ಲಿ ಪಿಡಿಪಿ-11 ಯಂತ್ರ ದೊರೆಯಿತು. ಅದರ ಸ್ಮೃತಿ ಕೇವಲ 24 ಕಿಲೋಬೈಟ್. ಡಿಸ್ಕ್ ಅರ್ಧ ಮೆಗಾಬೈಟ್. ಇಂದು ಮೊಬೈಲ್ ಫೋನಿನಲ್ಲಿ ತೆಗೆದ ಒಂದು ಛಾಯಾಚಿತ್ರವೂ ಅಲ್ಲಿ ಹಿಡಿಸದು. ಹೆಸರುಗಳ ಉದ್ದನೆಯ ಪಟ್ಟಿಗೆ ಅಂಥ ಯಂತ್ರದಲ್ಲಿ ಎಡೆಯೆಲ್ಲಿ? ಮಲ್ಟಿಕ್ಸ್‌ನ ಪಟ್ಟಿಯ ಸ್ಥಾನದಲ್ಲಿ ಬೆರಳೆಣಿಕೆಯ ಬಿಟ್‌ಗಳು ಬಂದವು. 1971ರ ನವೆಂಬರ್‌ನಲ್ಲಿ ಥಾಂಪ್ಸನ್ ಮತ್ತು ರಿಚಿ ಹೊರತಂದ ಮೊದಲ ಕೈಪಿಡಿಯಲ್ಲಿ ಕಡತವೊಂದಕ್ಕೆ ಇದ್ದವರು ಇಬ್ಬರೇ: ಒಡೆಯ ಮತ್ತು ಇತರರು. ಓದಲು, ಬರೆಯಲು ಇಬ್ಬರಿಗೂ ಪ್ರತ್ಯೇಕ ಗುರುತುಗಳು. ಚಾಲನೆಗೆ ಎಲ್ಲರಿಗೂ ಸೇರಿ ಒಂದೇ ಗುರುತು. ಗುಂಪು ಎಂಬ ಕಲ್ಪನೆ ಅಲ್ಲಿರಲಿಲ್ಲ. 1974ರಲ್ಲಿ ಇಬ್ಬರೂ ಪ್ರಕಟಿಸಿದ ಸುಪ್ರಸಿದ್ಧ ಪ್ರಬಂಧದಲ್ಲಿ ರಕ್ಷಣಾ ಬಿಟ್‌ಗಳ ಸಂಖ್ಯೆ ಏಳು. ಅದನ್ನೇ ಪರಿಷ್ಕರಿಸಿ 1978ರಲ್ಲಿ ಮತ್ತೆ ಅಚ್ಚು ಹಾಕಿಸುವ ಹೊತ್ತಿಗೆ ಅವು ಹತ್ತಾಗಿದ್ದವು. ಒಡೆಯ ಮತ್ತು ಇತರರ ನಡುವೆ ಗುಂಪು ಎಂಬ ಮೂರನೆಯ ವರ್ಗ ಬಂದು ಕುಳಿತಿತ್ತು. ಒಂದೇ ಕೆಲಸದಲ್ಲಿ ತೊಡಗಿದ ನಾಲ್ಕಾರು ಮಂದಿ ಕಡತವನ್ನು ಹಂಚಿಕೊಳ್ಳಬೇಕು, ಆದರೆ ಅದು ಊರಿಗೆಲ್ಲ ತೆರೆದಿರಬಾರದು ಎಂಬ ನಿತ್ಯದ ತೊಡಕಿಗೆ ಅದು ಪರಿಹಾರ.

ಓದುವುದಕ್ಕೆ ನಾಲ್ಕು, ಬರೆಯುವುದಕ್ಕೆ ಎರಡು, ಚಾಲನೆಗೆ ಒಂದು ಎಂಬ ಲೆಕ್ಕ ಅಲ್ಲಿಂದ ಇಂದಿನವರೆಗೂ ನಡೆದುಬಂದಿದೆ. 644 ಎಂದರೆ ಒಡೆಯ ಓದಿ ಬರೆಯಬಲ್ಲ, ಮಿಕ್ಕವರು ಓದಬಲ್ಲರಷ್ಟೆ. ಡೈರೆಕ್ಟರಿಗಳ ವಿಷಯದಲ್ಲಿ ಮಾತ್ರ ಕೊಂಚ ಬೇರೆ ಅರ್ಥ. ಅಲ್ಲಿ ಚಾಲನೆಯ ಗುರುತೆಂದರೆ ಒಳಹೊಕ್ಕು ದಾಟುವ ಹಕ್ಕು. ಆ ಹಕ್ಕಿಲ್ಲದಿದ್ದರೆ ಒಳಗಿರುವ ಕಡತ ಎಷ್ಟೇ ಮುಕ್ತವಾಗಿದ್ದರೂ ತಲುಪಲಾಗದು. ಕಡತವನ್ನು ಅಳಿಸುವ ಅಧಿಕಾರವೂ ಕಡತದ ಗುರುತಿನಲ್ಲಿಲ್ಲ. ಅದು ಡೈರೆಕ್ಟರಿಯಲ್ಲಿ ಬರೆಯುವ ಹಕ್ಕನ್ನು ಅವಲಂಬಿಸಿದೆ. ಅನುಭವಸ್ಥರೂ ಇಲ್ಲಿ ಎಡವುವುದುಂಟು.

ರಿಚಿ ಅವರ ಸ್ವಂತ ಪ್ರತಿಭೆ ಬೆಳಗಿದ್ದು ಉಳಿದೊಂದು ಬಿಟ್‌ನಲ್ಲಿ. ಸಮಸ್ಯೆ ಇಂತಿತ್ತು: ಬಳಕೆದಾರರ ಪಾಸ್‌ವರ್ಡ್‌ಗಳಿರುವ ಕಡತವನ್ನು ಸರ್ವಾಧಿಕಾರಿಯಾದ ರೂಟ್ ಮಾತ್ರ ತಿದ್ದಬೇಕು. ಆದರೆ ಸಾಮಾನ್ಯ ಬಳಕೆದಾರನಿಗೂ ತನ್ನ ಪಾಸ್‌ವರ್ಡ್ ಬದಲಿಸಿಕೊಳ್ಳುವ ಅವಕಾಶ ಬೇಡವೆ? ಕಡತವನ್ನು ತೆರೆದಿಟ್ಟರೆ ಅನರ್ಥ, ಮುಚ್ಚಿಟ್ಟರೆ ಅನನುಕೂಲ. ರಿಚಿ ಕಂಡುಕೊಂಡ ಹಾದಿ ಸರಳವಾಗಿತ್ತು. ಮನುಷ್ಯನಿಗೆ ಅಧಿಕಾರ ಕೊಡುವುದನ್ನು ಬಿಟ್ಟು, ನಂಬಿಕೆಗೆ ಅರ್ಹವಾದ ಒಂದು ಪ್ರೋಗ್ರಾಂಗೆ ಕೊಟ್ಟರು. ಆ ಪ್ರೋಗ್ರಾಂ ಓಡುವಷ್ಟು ಹೊತ್ತು, ಓಡಿಸಿದವನ ಬದಲು ಅದರ ಒಡೆಯನ ಅಧಿಕಾರ ಚಲಾವಣೆಯಲ್ಲಿರುತ್ತದೆ. ಕೆಲಸ ಮುಗಿದೊಡನೆ ಅಧಿಕಾರವೂ ಮುಗಿಯಿತು. ಸೆಟ್‌ಯುಐಡಿ ಎಂದು ಹೆಸರಾದ ಈ ಉಪಾಯವನ್ನು ಬಳಸಲು ಮೇಲಧಿಕಾರಿಯ ಒಪ್ಪಿಗೆ ಬೇಕಿರಲಿಲ್ಲ. ಯಾವ ಬಳಕೆದಾರನೂ ತನ್ನ ಪ್ರೋಗ್ರಾಂಗೆ ಈ ಗುರುತು ಹಾಕಬಹುದಿತ್ತು. 1974ರ ಪ್ರಬಂಧದಲ್ಲಿ ಕೊಟ್ಟ ನಿದರ್ಶನ ಅಂಕಿ ಊಹಿಸುವ ಆಟವೊಂದರದು. ಆಟಗಾರರೆಲ್ಲರ ಅಂಕ ಒಂದೇ ಕಡತದಲ್ಲಿ ದಾಖಲಾಗಬೇಕು, ಆದರೆ ಆಟದ ಮೂಲಕವಲ್ಲದೆ ಬೇರಾವ ದಾರಿಯಿಂದಲೂ ಅದನ್ನು ತಿದ್ದಲಾಗಬಾರದು.

ಬೆಲ್ ಲ್ಯಾಬ್ಸ್ 1973ರ ಜುಲೈನಲ್ಲಿ ಇದಕ್ಕೆ ಪೇಟೆಂಟ್ ಅರ್ಜಿ ಹಾಕಿತು. ತಂತ್ರಾಂಶಕ್ಕೆ ಪೇಟೆಂಟ್ ಸಲ್ಲುವುದೇ ಅನುಮಾನವಾಗಿದ್ದ ದಿನಗಳವು. ಹೀಗಾಗಿ ಇಡೀ ಉಪಾಯವನ್ನು ವಿದ್ಯುನ್ಮಾನ ಮಂಡಲಗಳ ರೂಪದಲ್ಲಿ ವಿವರಿಸಬೇಕಾಯಿತು. 1979ರ ಜನವರಿ 16ರಂದು ರಿಚಿ ಅವರ ಹೆಸರಿನಲ್ಲಿ 4,135,240 ಸಂಖ್ಯೆಯ ಪೇಟೆಂಟ್ ಮಂಜೂರಾಯಿತು. ತರುವಾಯ ಅದನ್ನು ಸಾರ್ವಜನಿಕರಿಗೆ ಅರ್ಪಿಸಲಾಯಿತು. ಹಾಗಾಗದಿದ್ದರೆ ಯುನಿಕ್ಸ್ ಮಾದರಿಯ ವ್ಯವಸ್ಥೆಗಳನ್ನು ಕಟ್ಟಹೊರಟವರೆಲ್ಲ ಅನುಮತಿಗಾಗಿ ಕೈಯೊಡ್ಡಬೇಕಾಗುತ್ತಿತ್ತು.

ವರದ ಜೊತೆಗೆ ಅಪಾಯವೂ ಬಂದಿತ್ತು. ರೂಟ್ ಒಡೆತನದ ಅಂಥ ಪ್ರೋಗ್ರಾಂನಲ್ಲಿ ಒಂದು ಲೋಪವಿದ್ದರೆ ಸಾಕು, ಸಾಮಾನ್ಯ ಬಳಕೆದಾರ ಇಡೀ ಯಂತ್ರದ ಒಡೆಯನಾಗಬಲ್ಲ. ರಿಚಿ ಇದನ್ನು ಬಚ್ಚಿಡಲಿಲ್ಲ. ಯುನಿಕ್ಸ್ ಭದ್ರತೆ ಕುರಿತು 1970ರ ದಶಕದ ಕೊನೆಯಲ್ಲಿ ಬರೆದ ಕಿರುಪ್ರಬಂಧದಲ್ಲಿ, ಈ ವ್ಯವಸ್ಥೆಯನ್ನು ಭದ್ರತೆಯನ್ನೇ ಮುಖ್ಯ ಗುರಿಯಾಗಿಟ್ಟು ರೂಪಿಸಿದ್ದಲ್ಲವೆಂದು ನೇರವಾಗಿ ಒಪ್ಪಿಕೊಂಡು, ಸೆಟ್‌ಯುಐಡಿಯ ದುರ್ಬಳಕೆಯನ್ನೂ ದುರ್ಬಲ ಪಾಸ್‌ವರ್ಡ್‌ಗಳ ಕೇಡನ್ನೂ ತಾವೇ ವಿವರಿಸಿದರು. ತಮ್ಮ ಸೃಷ್ಟಿಯ ಹುಳುಕನ್ನು ತಾವೇ ಎತ್ತಿ ತೋರಿಸುವ ಎಂಜಿನಿಯರುಗಳು ವಿರಳ. ಇದರಲ್ಲೊಂದು ತಮಾಷೆಯೂ ಇದೆ. ಬರ್ಕ್ಲಿ ಯುನಿಕ್ಸ್‌ನ ಹಳೆಯ ಪ್ರತಿಯಲ್ಲಿ ಉಳಿದಿದ್ದ ಪಾಸ್‌ವರ್ಡ್ ಕಡತವನ್ನು ಹಲವು ದಶಕಗಳ ನಂತರ ಆಸಕ್ತರು ಭೇದಿಸಿದರು. ರಿಚಿ ಬಳಸುತ್ತಿದ್ದುದು ತಮ್ಮ ಹೆಸರಿನಿಂದಲೇ ಹೊಸೆದ ನಾಲ್ಕಕ್ಷರದ ಪದವೆಂದು 2019ರಲ್ಲಿ ಸುದ್ದಿಯಾಯಿತು.

ಸಿ ಭಾಷೆಯ ಕಥೆ ಎಲ್ಲರಿಗೂ ತಿಳಿದದ್ದೇ. 1970ರ ದಶಕದ ಆರಂಭದಲ್ಲಿ ರೂಪುಗೊಂಡ ಆ ಭಾಷೆಯಲ್ಲಿ 1973ರಲ್ಲಿ ಯುನಿಕ್ಸ್‌ನ ತಿರುಳನ್ನು ಮರುಬರೆಯಲಾಯಿತು. ಬ್ರಯಾನ್ ಕರ್ನಿಹನ್ ಅವರೊಡನೆ ರಿಚಿ ಬರೆದ 1978ರ ಪುಸ್ತಕ ಕರ್ನಾಟಕದ ಎಂಜಿನಿಯರಿಂಗ್ ಕಾಲೇಜುಗಳಲ್ಲೂ ಹಲವು ತಲೆಮಾರುಗಳ ಕೈಯಲ್ಲಿ ಮಾಸಿದೆ. ಯಂತ್ರದಿಂದ ಯಂತ್ರಕ್ಕೆ ಸಾಗಿಸಬಹುದಾದ ಈ ವ್ಯವಸ್ಥೆಯ ಜೊತೆ ಕಾವಲಿನ ಬಿಟ್‌ಗಳೂ ಊರೂರಿಗೆ ಪ್ರಯಾಣ ಮಾಡಿದವು. 1983ರ ಬರ್ಕ್ಲಿ ಆವೃತ್ತಿಯಲ್ಲಿ ಒಬ್ಬ ಬಳಕೆದಾರ ಏಕಕಾಲಕ್ಕೆ ಹಲವು ಗುಂಪುಗಳ ಸದಸ್ಯನಾಗುವ ಅವಕಾಶ ಬಂತು. 1991ರ ಲಿನಕ್ಸ್ ಅದೇ ವಿನ್ಯಾಸವನ್ನು ಉಳಿಸಿಕೊಂಡಿತು.

ವೆಬ್ ಬಂದಾಗ ಈ ಹಳೆಯ ಬಿಟ್‌ಗಳ ಹೊಣೆ ದಿಢೀರನೆ ಹೆಚ್ಚಿತು. ಪರಿಚಿತ ಸಹೋದ್ಯೋಗಿಗಳ ನಡುವೆ ಹುಟ್ಟಿದ ಕಾವಲು ಈಗ ಇಡೀ ಜಗತ್ತಿನ ಅಪರಿಚಿತರ ಎದುರು ನಿಲ್ಲಬೇಕಿತ್ತು. ಯುನಿಕ್ಸ್ ನಿಯಮದಂತೆ 1024ಕ್ಕಿಂತ ಕೆಳಗಿನ ಪೋರ್ಟ್‌ಗಳು ರೂಟ್‌ಗೆ ಮೀಸಲು. ವೆಬ್‌ನ ಪೋರ್ಟ್ 80. ಹಾಗಾಗಿ 1995ರಲ್ಲಿ ಬಂದ ಅಪಾಚೆಯಂಥ ಸರ್ವರ್‌ಗಳು ರೂಟ್ ಆಗಿ ಎದ್ದು, ಬಾಗಿಲು ತೆರೆದ ಕೂಡಲೇ ಅಧಿಕಾರ ಕಳಚಿಟ್ಟು ಬಡ ಬಳಕೆದಾರನೊಬ್ಬನ ವೇಷದಲ್ಲಿ ಪುಟಗಳನ್ನು ಬಡಿಸುತ್ತವೆ. ಒಳನುಗ್ಗಿದವನ ಕೈಗೆ ಸಿಗುವುದು ಆ ಬಡವನ ಅಧಿಕಾರವಷ್ಟೆ. ತಾಣವನ್ನು ಹಲವರು ಸೇರಿ ನಡೆಸುವಲ್ಲಿ ಅವರನ್ನೆಲ್ಲ ಒಂದು ಗುಂಪಿಗೆ ಸೇರಿಸಿ, ಡೈರೆಕ್ಟರಿಗೆ ಗುಂಪಿನ ಸೆಟ್‌ಜಿಐಡಿ ಗುರುತು ಹಾಕಿದರೆ, ಅಲ್ಲಿ ಹುಟ್ಟುವ ಹೊಸ ಕಡತಗಳು ತಾವಾಗಿಯೇ ಆ ಗುಂಪಿನವಾಗುತ್ತವೆ. ಇಷ್ಟು ತಾಳ್ಮೆಯಿಲ್ಲದವರು 777 ಎಂದು ಬರೆದು ಯಂತ್ರದಲ್ಲಿರುವ ಎಲ್ಲರಿಗೂ ಎಲ್ಲ ಹಕ್ಕನ್ನೂ ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ಪುಟವೇನೋ ತೆರೆದುಕೊಳ್ಳುತ್ತದೆ, ಅದೇ ಯಂತ್ರದಲ್ಲಿ ಜಾಗ ಪಡೆದ ಪಕ್ಕದ ತಾಣದವನೂ ಆ ಕಡತವನ್ನು ತಿದ್ದಬಲ್ಲವನಾಗುತ್ತಾನೆ.

ರಿಚಿ ಮಿತಭಾಷಿ. ಮಧ್ಯಾಹ್ನದ ಹೊತ್ತಿಗೆ ಕಚೇರಿಗೆ ಬಂದು, ಮನೆಯಲ್ಲಿ ತಡರಾತ್ರಿಯವರೆಗೆ ದುಡಿಯುವುದು ಅವರ ರೂಢಿ. 1983ರಲ್ಲಿ ಥಾಂಪ್ಸನ್ ಅವರೊಡನೆ ಟ್ಯೂರಿಂಗ್ ಪ್ರಶಸ್ತಿ ಸಂದಿತು. 1998ರ ಸಾಲಿನ ರಾಷ್ಟ್ರೀಯ ತಂತ್ರಜ್ಞಾನ ಪದಕವನ್ನು ಅಧ್ಯಕ್ಷ ಕ್ಲಿಂಟನ್ ಅವರಿಂದ ಸ್ವೀಕರಿಸಿದರು. ಈ ನಡುವೆ ಬೆಲ್ ಲ್ಯಾಬ್ಸ್ ತಂಡ ಪ್ಲಾನ್ 9 ಎಂಬ ಹೊಸ ವ್ಯವಸ್ಥೆಯನ್ನು ಕಟ್ಟಿತು. ಸರ್ವಾಧಿಕಾರಿ ರೂಟ್‌ಗೆ ಅಲ್ಲಿ ಸ್ಥಾನವಿರಲಿಲ್ಲ, ಸೆಟ್‌ಯುಐಡಿಯನ್ನೂ ಕೈಬಿಡಲಾಗಿತ್ತು. ಪೇಟೆಂಟ್ ತಂದುಕೊಟ್ಟ ಉಪಾಯವಿಲ್ಲದೆಯೂ ಕೆಲಸ ಸಾಗುತ್ತದೆಂದು ರಿಚಿ ಇದ್ದ ಬಳಗವೇ ತೋರಿಸಿತು. ಜಗತ್ತು ಮಾತ್ರ ಹಳೆಯದನ್ನೇ ಅಪ್ಪಿಕೊಂಡಿತು.

2007ರಲ್ಲಿ ಅವರು ನಿವೃತ್ತರಾದರು. 2011ರಲ್ಲಿ ಜಪಾನ್ ಪ್ರಶಸ್ತಿಯನ್ನು ಮರ್ರೆ ಹಿಲ್‌ನಲ್ಲಿಯೇ ಅವರಿಗೆ ಪ್ರದಾನ ಮಾಡಲಾಯಿತು. ಅದೇ ವರ್ಷ ಅಕ್ಟೋಬರ್ 12ರಂದು, ಒಂಟಿಯಾಗಿ ವಾಸಿಸುತ್ತಿದ್ದ ನ್ಯೂಜೆರ್ಸಿಯ ಬರ್ಕ್ಲಿ ಹೈಟ್ಸ್‌ನ ಮನೆಯಲ್ಲಿ ಅವರು ಮೃತಪಟ್ಟಿರುವುದು ಕಂಡುಬಂತು. ವಯಸ್ಸು 70 ಆಗಿತ್ತು. ಒಂದು ವಾರದ ಹಿಂದಷ್ಟೇ ತೀರಿಕೊಂಡಿದ್ದ ಸ್ಟೀವ್ ಜಾಬ್ಸ್ ಅವರ ಸುದ್ದಿಯ ಅಬ್ಬರದಲ್ಲಿ ಈ ಸಾವು ಬಹುತೇಕ ಪತ್ರಿಕೆಗಳ ಒಳಪುಟಕ್ಕೆ ಸರಿಯಿತು. ಜಾಬ್ಸ್ ಕಂಪನಿಯ ಐಫೋನ್‌ನೊಳಗೂ ಯುನಿಕ್ಸ್ ಸಂತತಿಯ ವ್ಯವಸ್ಥೆಯೇ ಓಡುತ್ತಿತ್ತು. ಗ್ರಂಥಾಲಯಕ್ಕೆ ತಲುಪದೆ ಉಳಿದಿದ್ದ 1968ರ ಪ್ರಬಂಧದ ಪ್ರತಿಯೊಂದು ಅವರ ಮರಣಾನಂತರ ದೊರಕಿತು. ಕ್ಯಾಲಿಫೋರ್ನಿಯಾದ ಕಂಪ್ಯೂಟರ್ ಇತಿಹಾಸ ಸಂಗ್ರಹಾಲಯ 2020ರಲ್ಲಿ ಅದನ್ನು ಎಲ್ಲರ ಓದಿಗೆ ತೆರೆದಿಟ್ಟಿತು.