ಯುದ್ಧಕಾಲದ ಒಂದು ಮನೆ: ಪುನೀತ ಫ್ರಾಂಜ್ ಮತ್ತು ಅವರ ಪತ್ನಿ ಫ್ರಾಂಜಿಸ್ಕಾ

ಪವಿತ್ರ ವಾರದಲ್ಲಿ ಮದುವೆ ಮಾಡಿಸಿಕೊಡಿ ಎಂದು ಯಾರಾದರೂ ಬಂದು ಕೇಳಿದರೆ ನಾನಂತೂ ಸುಲಭವಾಗಿ ಒಪ್ಪಲಾರೆ. ಆದರೆ 1936ರ ಏಪ್ರಿಲ್ 9ರಂದು, ಪವಿತ್ರ ಗುರುವಾರದ ದಿನವೇ, ಆಸ್ಟ್ರಿಯಾ ದೇಶದ ಹಳ್ಳಿಗಾಡಿನಲ್ಲಿ ಅಂಥದೊಂದು ಮದುವೆ ನಡೆಯಿತು. ವರ ಫ್ರಾಂಜ್ ಯೇಗರ್‌ಸ್ಟೆಟ್ಟರ್, ವಯಸ್ಸು 28. ವಧು ಫ್ರಾಂಜಿಸ್ಕಾ, ವಯಸ್ಸು 23. ಮದುವೆಯಾದ ಕೂಡಲೇ ಇಬ್ಬರೂ ರೋಮ್ ನಗರಕ್ಕೆ ಯಾತ್ರೆ ಹೊರಟರು. ದೊಡ್ಡ ಔತಣವಿಲ್ಲದ ಮದುವೆ, ಮೇಲೆ ರೋಮ್ ಯಾತ್ರೆ! ಊರಿನವರಿಗೆ ಇದು ಸೋಜಿಗವಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ.

ಏಕೆಂದರೆ ಫ್ರಾಂಜ್ ಹುಟ್ಟಿನಿಂದಲೇ ಸಂತರೇನೂ ಆಗಿರಲಿಲ್ಲ. ಅವರು ಹುಟ್ಟಿದ್ದು 1907ರ ಮೇ 20ರಂದು, ಸಾಲ್ಜಾಖ್ ನದಿಯ ಪಕ್ಕದ ಸಂತ ರಾಡೆಗುಂಡ್ ಎಂಬ ಪುಟ್ಟ ಹಳ್ಳಿಯಲ್ಲಿ. ತಾಯಿ ರೊಸಾಲಿಯಾ ಮನೆಗೆಲಸದವಳು, ತಂದೆ ಕೂಲಿಯಾಳು. ಮದುವೆಯಾಗುವಷ್ಟು ಹಣ ಇಬ್ಬರಲ್ಲೂ ಇರಲಿಲ್ಲ. ತಂದೆ ಮೊದಲನೆಯ ಮಹಾಯುದ್ಧದಲ್ಲಿ ಸತ್ತರು. ಅಜ್ಜಿಯ ಮಡಿಲಲ್ಲಿ ಬೆಳೆದ ಹುಡುಗನನ್ನು, 1917ರಲ್ಲಿ ತಾಯಿಯನ್ನು ವರಿಸಿದ ರೈತನೊಬ್ಬ ದತ್ತು ತೆಗೆದುಕೊಂಡು ತನ್ನ ಮನೆತನದ ಹೆಸರು ಕೊಟ್ಟ. ಪ್ರಾಯದಲ್ಲಿ ಫ್ರಾಂಜ್ ಕಬ್ಬಿಣದ ಅದಿರಿನ ಗಣಿಯಲ್ಲಿ ದುಡಿದರು, ಹೊಡೆದಾಟಗಳಲ್ಲಿ ಸಿಕ್ಕಿಕೊಂಡರು, ಊರಿಗೆ ಮೊತ್ತಮೊದಲ ಮೋಟಾರ್ ಸೈಕಲ್ ತಂದರು. ಮದುವೆಗೆ ಮುಂಚೆ ಒಂದು ಹೆಣ್ಣುಮಗುವಿಗೆ ತಂದೆಯೂ ಆದರು. ಆ ಮಗುವಿನ ಖರ್ಚನ್ನು ಹೊತ್ತರು, ಅದನ್ನು ಮರೆಯಲಿಲ್ಲ. ಸಂತರ ಚರಿತ್ರೆ ಬರೆಯುವವರು ಈ ಭಾಗವನ್ನು ಒಮ್ಮೊಮ್ಮೆ ಹಾರಿಸಿಬಿಡುತ್ತಾರೆ. ಹಾಗೆ ಮಾಡಬಾರದೆಂದು ನನ್ನ ಅನಿಸಿಕೆ.

ಮದುವೆಯ ನಂತರ ಗಂಡ ಹೆಂಡತಿ ಒಟ್ಟಾಗಿ ಪ್ರಾರ್ಥಿಸಿದರು, ಪವಿತ್ರ ಬೈಬಲನ್ನು ಒಟ್ಟಾಗಿ ಓದಿದರು, ಹೊಲದ ದುಡಿಮೆಯ ನಡುವೆಯೂ ಬಲಿಪೂಜೆಗೆ ಹೋದರು. 1937ರಲ್ಲಿ ರೋಸಿ, 1938ರಲ್ಲಿ ಮರಿಯಾ, 1940ರಲ್ಲಿ ಲೋಯ್ಸಿ, ಹೀಗೆ ಮೂವರು ಹೆಣ್ಣುಮಕ್ಕಳು ಹುಟ್ಟಿದರು. ಮದುವೆ ಇಷ್ಟು ಸುಖ ಕೊಟ್ಟೀತೆಂದು ಫ್ರಾಂಜ್ ಎಣಿಸಿರಲಿಲ್ಲವಂತೆ.

1938ರ ಮಾರ್ಚಿಯಲ್ಲಿ ಹಿಟ್ಲರನ ಸೈನ್ಯ ಆಸ್ಟ್ರಿಯಾದೊಳಕ್ಕೆ ಬಂತು. ಹಿಟ್ಲರ್ ಹುಟ್ಟಿದ ಬ್ರೌನಾವ್ ಪಟ್ಟಣವೂ ಇದೇ ಸೀಮೆಯದು. ಏಪ್ರಿಲ್ 10ರಂದು ಜರ್ಮನಿಯೊಡನೆ ಸೇರಲು ಒಪ್ಪಿಗೆಯೇ ಎಂದು ಮತ ಕೇಳಿದಾಗ, ಸಂತ ರಾಡೆಗುಂಡಿನಲ್ಲಿ ಇಲ್ಲವೆಂದವರು ಫ್ರಾಂಜ್ ಒಬ್ಬರೇ. ಊರಿನ ಅಧಿಕಾರಿಗಳು ಆ ಒಂದು ಮತವನ್ನು ಮುಚ್ಚಿಟ್ಟು, ಇಡೀ ಊರೇ ಒಪ್ಪಿದೆಯೆಂದು ವರದಿ ಕಳಿಸಿದರು. ಆಮೇಲೆ ಸರ್ಕಾರ ಮಕ್ಕಳಿಗಾಗಿ ಕೊಡುತ್ತಿದ್ದ ಭತ್ಯವನ್ನೂ ಫ್ರಾಂಜ್ ಬೇಡವೆಂದರು. ಆಲಿಕಲ್ಲು ಮಳೆಗೆ ಬೆಳೆ ಹಾಳಾದಾಗಿನ ಪರಿಹಾರವನ್ನೂ ಮುಟ್ಟಲಿಲ್ಲ. ವಾಚಕರೇ, ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ಹಣ ಬೇಡವೆಂದದ್ದು ಗಂಡ. ಆ ಹಣವಿಲ್ಲದೆ ಒಲೆ ಹಚ್ಚಬೇಕಾದವಳು ಹೆಂಡತಿ.

1940ರಲ್ಲಿ ಎರಡು ಬಾರಿ ಸೈನ್ಯದ ಕರೆ ಬಂತು. ಎರಡು ಸಲವೂ ಅವರು ಹೋದರು. ಜೂನ್ ತಿಂಗಳಲ್ಲಿ ಸೈನಿಕನ ಪ್ರಮಾಣವಚನವನ್ನೂ ಸ್ವೀಕರಿಸಿದರು. ಊರಿನ ಮೇಯರರ ಪ್ರಯತ್ನದಿಂದ ಕೆಲವೇ ದಿನಗಳಲ್ಲಿ ಮನೆಗೆ ಮರಳಿದರು. ಅಕ್ಟೋಬರಿನಲ್ಲಿ ಮತ್ತೆ ಕರೆ. ಈ ಬಾರಿ ತಿಂಗಳುಗಟ್ಟಲೆ ಶಿಬಿರವಾಸ. ಮನೆಯಲ್ಲಿ ಫ್ರಾಂಜಿಸ್ಕಾ, ವಯಸ್ಸಾದ ಅತ್ತೆ, ಮೂವರು ಮಕ್ಕಳು. ಕೊನೆಯ ಮಗುವಿಗೆ ಆಗಿನ್ನೂ ಐದು ತಿಂಗಳು. ಗಂಡಸರು ಯುದ್ಧಕ್ಕೆ ಹೋದ ಯೂರೋಪಿನ ಎಷ್ಟೋ ಮನೆಗಳಂತೆ ಇಲ್ಲಿಯೂ ಹೊಲ, ಹಟ್ಟಿ, ಹಸು, ಮಕ್ಕಳು ಎಲ್ಲವೂ ಒಬ್ಬ ಹೆಣ್ಣುಮಗಳ ಹೆಗಲಿಗೆ ಬಿದ್ದವು. ಶಿಬಿರಕ್ಕೂ ಮನೆಗೂ ನಡುವೆ ಕಾಗದಗಳು ಓಡಾಡಿದವು. ಆ ಡಿಸೆಂಬರ್ 8ರಂದು ಫ್ರಾಂಜ್ ಸಂತ ಫ್ರಾನ್ಸಿಸರ ಮೂರನೆಯ ಸಭೆಗೆ ಸೇರಿದರು. 1941ರ ಏಪ್ರಿಲಿನಲ್ಲಿ, ಹೊಲಕ್ಕೆ ಬೇಕಾದ ಆಳು ಎಂಬ ಕಾರಣದಿಂದ ಬಿಡುಗಡೆಯಾಯಿತು. ಬರುವಾಗ ಅವರು ಮನಸ್ಸಿನಲ್ಲಿ ಒಂದು ನಿರ್ಧಾರ ಹೊತ್ತು ತಂದಿದ್ದರು: ಇನ್ನೊಂದು ಕರೆ ಬಂದರೆ ಹಿಟ್ಲರನಿಗಾಗಿ ಆಯುಧ ಹಿಡಿಯುವುದಿಲ್ಲ.

ಹಳ್ಳಿಯ ದೇವಾಲಯದಲ್ಲಿ ಪೂಜೆಗೆ ಸಿದ್ಧಪಡಿಸುವ ಸೇವೆ ಕೈಗೊಂಡು ಅವರು ಎರಡು ವರ್ಷ ಮನೆಯಲ್ಲಿದ್ದರು. ಆ ಎರಡು ವರ್ಷ ಮನೆ ಹೇಗಿದ್ದಿರಬಹುದು? ಅಂಚೆಯವನು ಅಂಗಳಕ್ಕೆ ಬಂದಾಗಲೆಲ್ಲ ಎದೆ ನಡುಗುವ ಮನೆ ಅದು. ತಾಯಿ ಅತ್ತರು, ನೆಂಟರಿಷ್ಟರನ್ನು ಕರೆಸಿ ಹೇಳಿಸಿದರು. ಹೆಂಡತಿ ಮಕ್ಕಳ ಗತಿಯೇನು ಎಂದು ಎಲ್ಲರೂ ಕೇಳಿದರು. ಫ್ರಾಂಜ್ ಲಿಂಜ್ ನಗರಕ್ಕೆ ಹೋಗಿ ಧರ್ಮಾಧ್ಯಕ್ಷರಾದ ಜೋಸೆಫ್ ಫ್ಲೀಸ್ಸರ್ ಅವರನ್ನೂ ಕಂಡರು. ಯುದ್ಧದ ನ್ಯಾಯಾನ್ಯಾಯಕ್ಕೆ ಸಾಮಾನ್ಯ ರೈತ ಹೊಣೆಯಲ್ಲ, ಕುಟುಂಬದ ಹೊಣೆ ಮಾತ್ರ ಅವನದೇ ಎಂಬುದು ಅವರ ಸಲಹೆಯಾಗಿತ್ತು. ನಾವು ಸೆಮಿನರಿಯಲ್ಲಿ ಓದಿದ ಹಳೆಯ ನೀತಿಶಾಸ್ತ್ರದಲ್ಲೂ ಹೆಚ್ಚು ಕಡಿಮೆ ಇದೇ ತರ್ಕವಿತ್ತು. ಆದುದರಿಂದ ಅವರನ್ನು ದೂಷಿಸಲು ನನಗೆ ನಾಲಿಗೆ ಏಳುವುದಿಲ್ಲ. ಆ ಸ್ಥಾನದಲ್ಲಿ ನಾನಿದ್ದಿದ್ದರೆ ಬಹುಶಃ ನಾನೂ ಹಾಗೆಯೇ ಹೇಳುತ್ತಿದ್ದೆ. ಆದರೂ ಆ ಸಲಹೆ ಸಾಲದಾಯಿತು. ಫ್ರಾಂಜ್ ಕುಟುಂಬವನ್ನು ಮರೆತಿದ್ದರೆ ತಾನೇ ಅದನ್ನು ನೆನಪಿಸಬೇಕಾದದ್ದು?

ಫ್ರಾಂಜಿಸ್ಕಾ ಕೂಡ ಮೊದಮೊದಲು ಗಂಡನ ಮನಸ್ಸು ತಿರುಗಿಸಲು ನೋಡಿದರು. ಬದುಕಿ ಉಳಿಯುವ ದಾರಿ ಹುಡುಕಿ ಎಂದು ಬೇಡಿಕೊಂಡರು. ಆದರೆ ಒಂದು ದಿನ ಅವರಿಗೆ ಬೇರೊಂದು ವಿಷಯ ಕಂಡಿತು. ಎಲ್ಲರೂ ಸೇರಿ ತನ್ನ ಗಂಡನೊಡನೆ ವಾದಿಸುತ್ತಿದ್ದಾರೆ. ತಾನೂ ಅವರ ಜೊತೆ ಸೇರಿದರೆ ಅವರಿಗೆ ಈ ಲೋಕದಲ್ಲಿ ಒಬ್ಬರೂ ಇಲ್ಲ. ಅಂದಿನಿಂದ ಅವರು ವಾದಿಸುವುದನ್ನು ಬಿಟ್ಟು ಪಕ್ಕದಲ್ಲಿ ನಿಂತರು. ಗಂಡನ ನಿರ್ಧಾರ ಅವರಿಗೆ ಹಿತವಾಗಿತ್ತೆಂದಲ್ಲ. ಮೂರು ಮಕ್ಕಳ ತಾಯಿಗೆ ಅದು ಹೇಗೆ ಹಿತವಾದೀತು? ವಿವಾಹ ಸಂಸ್ಕಾರದ ಬಗ್ಗೆ ತರಗತಿಗಳಲ್ಲಿ ನಾನು ಬಹಳ ಕೇಳಿದ್ದೇನೆ, ಪ್ರಬೋಧನೆಗಳಲ್ಲಿ ಬಹಳ ಹೇಳಿದ್ದೇನೆ. ಈ ರೈತ ಹೆಂಗಸು ಅದನ್ನು ಅಡುಗೆಮನೆಯಲ್ಲಿ ನಿಂತು ಬಾಳಿದರು.

1943ರ ಫೆಬ್ರವರಿಯಲ್ಲಿ ಕರೆ ಬಂದೇ ಬಂತು. ಮಾರ್ಚಿ ಮೊದಲಲ್ಲಿ ಫ್ರಾಂಜ್ ಎನ್ಸ್ ಪಟ್ಟಣದ ಶಿಬಿರಕ್ಕೆ ಹೋಗಿ ತಮ್ಮ ನಿರಾಕರಣೆಯನ್ನು ತಿಳಿಸಿದರು. ಗಾಯಾಳುಗಳ ಶುಶ್ರೂಷೆ ಮಾಡಲು ಸಿದ್ಧನೆಂದರೂ ಅವರ ಮಾತಿಗೆ ಬೆಲೆ ಸಿಗಲಿಲ್ಲ. ಮೊದಲು ಲಿಂಜ್ ಸೆರೆಮನೆ, ಮೇ ತಿಂಗಳಿಂದ ಬರ್ಲಿನ್‌ನ ಟೇಗೆಲ್ ಸೆರೆಮನೆ. ಮದುವೆಯ ಏಳನೆಯ ವಾರ್ಷಿಕ ದಿನವನ್ನು ಅವರು ಸೆರೆಯಿಂದಲೇ ಪತ್ನಿಗೆ ಕಾಗದ ಬರೆದು ನೆನೆದರು. ಬೇಸಾಯ ಹೇಗೆ ನಡೆದಿದೆ ಎಂದು ಕೇಳುತ್ತಿದ್ದರು. ತಾನು ಮಾಡಬೇಕಾದ ದುಡಿಮೆಯೆಲ್ಲ ಆಕೆಯ ಮೇಲೆ ಬಿತ್ತಲ್ಲ ಎಂದು ನೊಂದುಕೊಳ್ಳುತ್ತಿದ್ದರು. ಫ್ರಾಂಜಿಸ್ಕಾ ಒಂದು ಫೋಟೋ ಕಳಿಸಿದರು. ಮೂವರು ಪುಟಾಣಿಗಳು ಒಂದು ಫಲಕ ಹಿಡಿದು ನಿಂತಿದ್ದಾರೆ. ಅಪ್ಪ ಬೇಗ ಬರಲಿ ಎಂದು ಅದರಲ್ಲಿ ಬರೆದಿದೆ. ಸೇನಾ ನ್ಯಾಯಾಲಯದ ಎದುರು ನಿಲ್ಲುವುದಕ್ಕಿಂತ ಆ ಫೋಟೋವನ್ನು ನೋಡುವುದೇ ಅವರಿಗೆ ಕಷ್ಟವಾಗಿದ್ದಿರಬೇಕು.

ಸೈನ್ಯದ ಬಲ ಕುಂದಿಸಿದ ಅಪರಾಧಕ್ಕಾಗಿ ಜುಲೈ 6ರಂದು ಮರಣದಂಡನೆ ವಿಧಿಸಲಾಯಿತು. ಮನಸ್ಸು ಬದಲಿಸಲು ಆಗಲೂ ಅವಕಾಶವಿತ್ತು. ಅದೇ ತಿಂಗಳು ಫ್ರಾಂಜಿಸ್ಕಾ ಊರಿನ ಗುರುಗಳಾದ ಫರ್ಡಿನಾಂಡ್ ಫ್ಯೂರ್ತಾವರ್ ಅವರೊಡನೆ ದೂರದ ಬರ್ಲಿನ್‌ಗೆ ಹೋದರು. ಸಿಕ್ಕಿದ್ದು 20 ನಿಮಿಷ. ಗುರುಗಳು ಫ್ರಾಂಜ್ ಅವರನ್ನು ಒಪ್ಪಿಸಲು ಪ್ರಯತ್ನಿಸಿದರು, ಪತ್ನಿ ಒತ್ತಾಯಿಸಲಿಲ್ಲ. ಅದೇ ಅವರ ಕೊನೆಯ ಭೇಟಿ.

ಟೇಗೆಲ್‌ನಲ್ಲಿ ಸೆರೆಯಾಳುಗಳನ್ನು ನೋಡಿಕೊಳ್ಳುತ್ತಿದ್ದ ಗುರು ಹೈನ್ರಿಖ್ ಕ್ರೊಯ್ಟ್ಸ್‌ಬರ್ಗ್ ಅವರು, ಹಿಟ್ಲರನಿಗೆ ಪ್ರಮಾಣ ಮಾಡಲೊಪ್ಪದೆ 1942ರಲ್ಲಿ ಪ್ರಾಣ ತೆತ್ತ ಗುರು ಫ್ರಾಂಜ್ ರೈನಿಶ್ ಅವರ ಸಂಗತಿ ಹೇಳಿದಾಗ ಫ್ರಾಂಜ್ ಅವರಿಗೆ ದೊಡ್ಡ ಸಮಾಧಾನವಾಯಿತು. ತಾನು ಮಾತ್ರ ಹೀಗೆ ಯೋಚಿಸುತ್ತಿಲ್ಲವೆಂದು ತಿಳಿಯಲು ಅವರಿಗೆ ಅಷ್ಟು ದಿನ ಬೇಕಾಯಿತು. 1943ರ ಆಗಸ್ಟ್ 9ರಂದು ಬ್ರಾಂಡನ್‌ಬರ್ಗ್ ಸೆರೆಮನೆಯಲ್ಲಿ ಸಂಜೆ 4 ಗಂಟೆಗೆ ಗಿಲೊಟಿನ್ ಯಂತ್ರದಿಂದ ಅವರ ಶಿರಚ್ಛೇದ ಮಾಡಲಾಯಿತು. ಆಗ ಅವರಿಗೆ 36 ವರ್ಷ, ಫ್ರಾಂಜಿಸ್ಕಾಗೆ 30.

ಹುತಾತ್ಮರ ಕಥೆಗಳು ಸಾಮಾನ್ಯವಾಗಿ ಇಲ್ಲಿಗೆ ಮುಗಿಯುತ್ತವೆ. ಆದರೆ ಫ್ರಾಂಜಿಸ್ಕಾ ಅವರ ಬವಣೆ ಯುದ್ಧದೊಂದಿಗೆ ಮುಗಿಯಲಿಲ್ಲ. ಯುದ್ಧದಿಂದ ಮರಳದ ಗಂಡಸರ ಮನೆಗಳು ಊರಿನಲ್ಲಿ ಇನ್ನೂ ಇದ್ದವು. ಅವರ ವಿಧವೆಯರಿಗೆ ಮರ್ಯಾದೆಯಿತ್ತು, ಪಿಂಚಣಿಯಿತ್ತು. ಫ್ರಾಂಜ್ ಯುದ್ಧದಲ್ಲಿ ಸತ್ತವರಲ್ಲವೆಂದು ಇವರಿಗೆ 1950ರವರೆಗೆ ಪಿಂಚಣಿ ಸಿಗಲಿಲ್ಲ. ಅತಿಯಾದ ಭಕ್ತಿ ಹಚ್ಚಿ ಗಂಡನನ್ನು ಕೆಡಿಸಿದವಳು ಇವಳೇ ಎಂಬ ಮಾತು ಬೇರೆ. ಮಗನನ್ನು ಕಳೆದುಕೊಂಡ ಅತ್ತೆಯೂ ಅದನ್ನೇ ನಂಬಿದ್ದರು. ಅದೇ ಸೂರಿನಡಿ ಇಬ್ಬರೂ ಬಾಳಬೇಕಿತ್ತು. ಫ್ರಾಂಜಿಸ್ಕಾ ಹೊಲ ಉತ್ತರು, ಮಕ್ಕಳನ್ನು ಬೆಳೆಸಿದರು. ಗಂಡ ಮಾಡುತ್ತಿದ್ದ ದೇವಾಲಯದ ಸೇವೆಯನ್ನು ತಾವೇ ವಹಿಸಿಕೊಂಡರು. ಫ್ರಾಂಜ್ ಅವರ ಚಿತಾಭಸ್ಮ 1946ರಲ್ಲಿ ಊರು ಸೇರಿತು. ದೇವಾಲಯದ ಗೋಡೆಯ ಪಕ್ಕದಲ್ಲೇ ಅದನ್ನು ಸಮಾಧಿ ಮಾಡಿದರು.

ಕಾಗದಗಳನ್ನು ಅವರು ಜೋಪಾನವಾಗಿ ಇಟ್ಟುಕೊಂಡಿದ್ದರು. ಗಾರ್ಡನ್ ಜಾನ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞರು ಹಳ್ಳಿಗೆ ಬಂದು ವಿಚಾರಿಸಿ 1964ರಲ್ಲಿ ಪುಸ್ತಕ ಬರೆದ ಮೇಲೆ ಹೊರಲೋಕಕ್ಕೆ ವಿಷಯ ತಿಳಿಯಿತು. 1997ರಲ್ಲಿ ಬರ್ಲಿನ್‌ನ ನ್ಯಾಯಾಲಯವೊಂದು ಆ ಮರಣದಂಡನೆಯ ತೀರ್ಪನ್ನು ರದ್ದುಗೊಳಿಸಿತು. 2007ರ ಅಕ್ಟೋಬರ್ 26ರಂದು ಲಿಂಜ್ ಪ್ರಧಾನಾಲಯದಲ್ಲಿ ಫ್ರಾಂಜ್ ಅವರನ್ನು ಪುನೀತರೆಂದು ಘೋಷಿಸಿದಾಗ, 94 ವರ್ಷದ ಫ್ರಾಂಜಿಸ್ಕಾ ಮಕ್ಕಳೊಡನೆ ಅಲ್ಲಿದ್ದರು. ಗಂಡನ ಅವಶೇಷಗಳಿದ್ದ ಪುಟ್ಟ ಪಾತ್ರೆಗೆ ಮುತ್ತಿಟ್ಟು, ಅದನ್ನು ಒಪ್ಪಿಸಿದರು. 2013ರ ಮಾರ್ಚಿ 16ರಂದು ಅವರು ತೀರಿಕೊಂಡಾಗ ನೂರು ವರ್ಷ ತುಂಬಿ ಹನ್ನೆರಡು ದಿನಗಳಾಗಿದ್ದವು.