ಬೇಡಿ ತಂದ ಅರಸು: ಪಾರ್ಥಿಯದ ಒಂದನೆಯ ವೊನೋನೀಸ್

ಪಾರ್ಥಿಯರು ನಮಗೆ ತೀರ ಅಪರಿಚಿತರಲ್ಲ. ನಮ್ಮ ಪುರಾಣಗಳಲ್ಲಿಯೂ ನಾಸಿಕದ ಶಾಸನದಲ್ಲಿಯೂ ಬರುವ ಪಹ್ಲವರು ಇವರ ಸಂಬಂಧಿಗಳೆಂದು ವಿದ್ವಾಂಸರು ಹೇಳುತ್ತಾರೆ. ಆದರೆ ಯೂಫ್ರೆಟೀಸ್ ನದಿಯಿಂದ ಪೂರ್ವಕ್ಕೆ ಇರಾನಿನುದ್ದಕ್ಕೂ ಹಬ್ಬಿ, ಕ್ರಿ.ಪೂ. 247 ರಿಂದ ಕ್ರಿ.ಶ. 224 ರವರೆಗೆ ಬಾಳಿದ ಅವರ ರಾಜ್ಯದ ವಿಷಯ ನಮ್ಮ ಪಠ್ಯಪುಸ್ತಕಗಳಲ್ಲಿ ರೋಮಿನ ಚರಿತ್ರೆಯ ಅಂಚಿನಲ್ಲಿ ನಾಲ್ಕು ಸಾಲಾಗಿ ಮಾತ್ರ ಉಳಿದಿದೆ. ಆ ವಂಶದಲ್ಲಿ ದಿಗ್ವಿಜಯಿಗಳಿಗೆ ಕೊರತೆಯಿಲ್ಲ. ಅವರನ್ನೆಲ್ಲ ಬಿಟ್ಟು, ನಾಲ್ಕೇ ವರ್ಷ ಸಿಂಹಾಸನದಲ್ಲಿದ್ದು ಓಡಿಹೋದ ಒಬ್ಬನ ಕಥೆಯನ್ನು ನಾನು ಆರಿಸಿಕೊಂಡಿದ್ದೇನೆ. ಗೆದ್ದವರ ಚರಿತ್ರೆಯಲ್ಲಿ ಕಾಣದ ಒಂದು ಸಂಗತಿ ಇವನಲ್ಲಿ ನನಗೆ ಕಂಡಿತು.

ವೊನೋನೀಸನ ತಂದೆ ನಾಲ್ಕನೆಯ ಫ್ರಾಟೀಸ್. ಕ್ರಿ.ಪೂ. 53 ರಲ್ಲಿ ಕ್ಯಾರೀ ಯುದ್ಧದಲ್ಲಿ ಪಾರ್ಥಿಯರು ರೋಮಿನ ಕ್ರಾಸಸನನ್ನು ಕೊಂದು ವಶಪಡಿಸಿಕೊಂಡಿದ್ದ ಸೇನಾಧ್ವಜಗಳನ್ನು ಕ್ರಿ.ಪೂ. 20 ರಲ್ಲಿ ಆಗಸ್ಟಸನಿಗೆ ಹಿಂದಿರುಗಿಸಿದವನು ಈತನೇ. ಆಗಸ್ಟಸನು ಇವನಿಗೆ ಮ್ಯೂಸಾ ಎಂಬ ಇಟಲಿಯ ದಾಸಿಯನ್ನು ಕಾಣಿಕೆಯಾಗಿ ಕಳುಹಿಸಿದ್ದನು. ಮುಂದೆ ಅವಳೇ ರಾಣಿಯಾದಳು. ತನ್ನ ಮಗನಿಗೆ ದಾರಿ ತೆರವಾಗಲೆಂದು, ಉಳಿದ ರಾಜಪುತ್ರರನ್ನು ರೋಮಿಗೆ ಕಳುಹಿಸುವಂತೆ ಅವಳು ಅರಸನನ್ನು ಒಪ್ಪಿಸಿದಳೆಂದು ಜೋಸೆಫಸ್ ಬರೆದಿದ್ದಾನೆ. ಹೀಗೆ ಕ್ರಿ.ಪೂ. 10 ರ ಸುಮಾರಿಗೆ ನಾಲ್ವರು ರಾಜಕುಮಾರರು ರೋಮ್ ಸೇರಿದರು. ಅವರಲ್ಲೊಬ್ಬನು ವೊನೋನೀಸ್. ಪಾರ್ಥಿಯದವರು ಇದನ್ನು ಸ್ನೇಹವೆಂದರು; ರೋಮಿನವರು ಒತ್ತೆಯೆಂದೇ ತಿಳಿದರು. ಇಬ್ಬರು ಕುಮಾರರು ಅಲ್ಲಿಯೇ ಸತ್ತರು.

ಕ್ರಿ.ಪೂ. 2 ರಲ್ಲಿ ಮ್ಯೂಸಾಳೂ ಅವಳ ಮಗನೂ ಸೇರಿ ಮುದುಕ ಫ್ರಾಟೀಸನಿಗೆ ವಿಷವಿಕ್ಕಿದರು. ಆ ಮಗ ಕೆಲವು ವರ್ಷ ಆಳಿ ಪದಚ್ಯುತನಾದನು. ಅವನ ಹಿಂದೆ ಬಂದ ಮೂರನೆಯ ಒರೋಡೀಸನು ಕ್ರೂರಿಯೆಂದು ಸರದಾರರಿಂದ ಹತನಾದನು. ಮನೆಯಲ್ಲಿ ಅರಸರು ಮುಗಿದುಹೋದುದರಿಂದ ಸರದಾರರು ರೋಮಿಗೆ ದೂತರನ್ನಟ್ಟಿ ವೊನೋನೀಸನನ್ನು ಬೇಡಿದರು. ಆಗಸ್ಟಸನಿಗೆ ಇದಕ್ಕಿಂತ ಹಿಗ್ಗು ಬೇರೆ ಬೇಕೆ? ಧನಕನಕಗಳೊಡನೆ ಅವನನ್ನು ಕಳುಹಿಸಿಕೊಟ್ಟನು. ತನ್ನ ಸಾಧನೆಗಳ ದೀರ್ಘ ಶಾಸನದಲ್ಲಿ, ಪಾರ್ಥಿಯರಿಗೆ ತಾನು ಅರಸನನ್ನು ಕೊಟ್ಟ ಸಂಗತಿಯನ್ನೂ ಸೇರಿಸಿದನು. ಆ ಶಾಸನದ ಪ್ರತಿ ಅಂಕಾರದ ದೇವಾಲಯದ ಗೋಡೆಯ ಮೇಲೆ ಇಂದಿಗೂ ಇದೆ.

ಕ್ರಿ.ಶ. 8 ರ ಸುಮಾರಿಗೆ ವೊನೋನೀಸನು ತಾಯ್ನಾಡಿಗೆ ಬಂದನು. ಹದಿನೇಳು ಹದಿನೆಂಟು ವರ್ಷ ಪರದೇಶದಲ್ಲಿ ಬೆಳೆದವನಿಗೆ ಅದು ತಾಯ್ನಾಡೆಂಬುದು ಹೆಸರಿಗೆ ಮಾತ್ರ. ಮೊದಲು ಜನ ಸಂತೋಷಪಟ್ಟರು, ಬೇಗನೆ ನಾಚಿಕೆಪಟ್ಟರು. ರೋಮನರ ಧ್ವಜ ಕಿತ್ತುಕೊಂಡ ಕುಲ ಈಗ ರೋಮನರು ಕೊಟ್ಟ ಅರಸನಿಗೆ ತಲೆಬಾಗಬೇಕಾಯಿತೇ ಎಂಬ ಮಾತು ಹುಟ್ಟಿತು. ಬೇಡಿದವರು ತಾವೇ ಎಂಬುದನ್ನು ಅವರು ಬಲು ಸುಲಭವಾಗಿ ಮರೆತರು!

ಅರಸನ ಮೇಲೆ ಅವರು ಹೊರಿಸಿದ ದೋಷಗಳನ್ನು ಟ್ಯಾಸಿಟಸ್ ಪಟ್ಟಿಮಾಡಿದ್ದಾನೆ. ಇವನು ಬೇಟೆಗೆ ಹೋಗುವುದು ಅಪರೂಪ, ಕುದುರೆಗಳಲ್ಲಿ ಆಸಕ್ತಿಯಿಲ್ಲ, ಊರೊಳಗೆ ಪಲ್ಲಕ್ಕಿಯಲ್ಲಿ ಸಾಗುತ್ತಾನೆ, ದೇಶದ ಔತಣಗಳೆಂದರೆ ತಾತ್ಸಾರ, ಸುತ್ತಲೂ ಗ್ರೀಕ್ ಪರಿವಾರ. ಇದಲ್ಲದೆ ಮನೆಯ ಕ್ಷುಲ್ಲಕ ಸಾಮಾನುಗಳನ್ನೂ ಉಂಗುರದ ಮುದ್ರೆಯೊತ್ತಿ ಭದ್ರಪಡಿಸುತ್ತಿದ್ದನಂತೆ. ನಮ್ಮ ವಿದ್ಯಾರ್ಥಿನಿಲಯದ ಉಗ್ರಾಣದಲ್ಲಾಗಿದ್ದರೆ ಇದನ್ನು ದಕ್ಷತೆಯೆಂದು ಹೊಗಳುತ್ತಿದ್ದರೋ ಏನೋ, ಪಾರ್ಥಿಯದ ಅರಮನೆಯಲ್ಲಿ ಅದು ನಗೆಪಾಟಲಾಯಿತು.

ಬೇಟೆಯ ಆಕ್ಷೇಪಣೆಯನ್ನು ಮಾತ್ರ ನಾವು ಹಗುರವಾಗಿ ಕಾಣಲಾಗದು. ಪಾರ್ಥಿಯದ ಬಲವೆಲ್ಲ ಕುದುರೆಯ ಬೆನ್ನಿನ ಮೇಲಿತ್ತು. ಓಡುವ ಕುದುರೆಯಿಂದ ಹಿಂದಿರುಗಿ ಬಾಣ ಬಿಡುವ ಸವಾರರೇ ಕ್ರಾಸಸನನ್ನು ಮುಗಿಸಿದ್ದು. ಆ ಸವಾರರನ್ನು ಒದಗಿಸುವವರು ಸರದಾರರು. ಅವರೊಡನೆ ಅರಸನು ಬೆರೆಯುವುದು ಬೇಟೆಯಲ್ಲಿ ಮತ್ತು ಔತಣದಲ್ಲಿ. ಎರಡನ್ನೂ ಬಿಟ್ಟ ಅರಸನಿಗೆ ಸೈನ್ಯದ ನಂಟೇ ಕಡಿಯಿತೆಂದು ನನ್ನ ಊಹೆ.

ಆದರೆ ಅವನಲ್ಲಿ ಸದ್ಗುಣಗಳೂ ಇದ್ದುವು. ಯಾರು ಬಂದರೂ ಕಾಣಸಿಗುತ್ತಿದ್ದನು, ಎಲ್ಲರೊಡನೆಯೂ ಸೌಜನ್ಯದಿಂದ ನಡೆಯುತ್ತಿದ್ದನು. ಟ್ಯಾಸಿಟಸನ ಪ್ರಕಾರ, ಹಿರಿಯರಲ್ಲಿ ಕಾಣದ ಗುಣಗಳಾದುದರಿಂದ ಇವೂ ಆ ಜನಕ್ಕೆ ದೋಷಗಳಾಗಿಯೇ ತೋರಿದುವು. ಒಂದು ನಾಡಿನ ವಿದ್ಯೆಯಲ್ಲಿ ಪಳಗಿ ಇನ್ನೊಂದು ನಾಡಿಗೆ ಹಿಂದಿರುಗಿದವನ ಪಾಡು ಇದು. ಅವನಿಗೆ ರೋಮಿನಲ್ಲಿ ಕಲಿಸಿದವರು ಯಾರೂ ತಪ್ಪು ಕಲಿಸಿರಲಿಲ್ಲ. ಆ ಕಲಿಕೆಗೆ ಇಲ್ಲಿ ಬೆಲೆಯಿರಲಿಲ್ಲ, ಅಷ್ಟೆ.

ಸರದಾರರು ಆರ್ಟಬಾನಸನನ್ನು ಕರೆತಂದರು. ಅವನು ಅಲೆಮಾರಿ ದಾಹೇ ಜನರ ನಡುವೆ ಬೆಳೆದವನು, ರೋಮಿನ ಗಾಳಿ ಸೋಕದವನು. ವೊನೋನೀಸನು ಹೇಡಿಯೆಂದು ತಿಳಿಯಬಾರದು. ಮೊದಲ ಯುದ್ಧದಲ್ಲಿ ಗೆದ್ದವನು ಅವನೇ. ಆರ್ಟಬಾನಸನನ್ನು ಗೆದ್ದ ಅರಸ ವೊನೋನೀಸ್ ಎಂದು ಗ್ರೀಕ್ ಅಕ್ಷರಗಳಲ್ಲಿ ನಾಣ್ಯವನ್ನೂ ಅಚ್ಚುಹಾಕಿಸಿದನು. ಆ ನಾಣ್ಯಗಳು ಉಳಿದಿವೆ; ಗೆಲುವು ಉಳಿಯಲಿಲ್ಲ. ಆರ್ಟಬಾನಸನು ಮತ್ತೆ ಸೈನ್ಯ ಕೂಡಿಸಿ ಬಂದನು. ಕ್ರಿ.ಶ. 12 ರ ಹೊತ್ತಿಗೆ ವೊನೋನೀಸನು ಆರ್ಮೇನಿಯಕ್ಕೆ ಓಡಿದನು.

ಅಲ್ಲಿ ಸಿಂಹಾಸನ ಬರಿದಾಗಿತ್ತು. ಕೆಲಕಾಲ ಅದರ ಮೇಲೆಯೂ ಕುಳಿತನು. ಆರ್ಟಬಾನಸ್ ಬೆದರಿಸಿದನು. ಇವನನ್ನು ಬೆಂಬಲಿಸಿದರೆ ಪಾರ್ಥಿಯದೊಡನೆ ಯುದ್ಧ ಖಂಡಿತ. ಆಗಸ್ಟಸನ ಬಳಿಕ ಬಂದ ಟೈಬೀರಿಯಸನಿಗೆ ಅದು ಬೇಕಿರಲಿಲ್ಲ. ಸಿರಿಯದ ಅಧಿಪತಿ ಸಿಲಾನಸನು ಇವನನ್ನು ಕರೆಸಿಕೊಂಡು, ಅರಸನೆಂಬ ಬಿರುದನ್ನೂ ವೈಭವವನ್ನೂ ಬಿಟ್ಟುಕೊಟ್ಟು, ಸುತ್ತ ಕಾವಲಿಟ್ಟನು. ಹಿಂದೆ ಒತ್ತೆಯಾಗಿದ್ದವನು ಮತ್ತೆ ಒತ್ತೆಯಾದನು. ಕ್ರಿ.ಶ. 18 ರಲ್ಲಿ ಜರ್ಮಾನಿಕಸನು ಪೂರ್ವಕ್ಕೆ ಬಂದಾಗ, ವೊನೋನೀಸನನ್ನು ಗಡಿಯ ಹತ್ತಿರ ಇರಿಸಬಾರದೆಂದು ಆರ್ಟಬಾನಸ್ ಕೇಳಿಕೊಂಡನು. ಅದರಂತೆ ಅವನನ್ನು ಸಿಲಿಷಿಯದ ಕರಾವಳಿಯ ಪಾಂಪಿಯೊಪೊಲಿಸಿಗೆ ಸಾಗಿಸಿದರು.

ಕ್ರಿ.ಶ. 19 ರಲ್ಲಿ ಕಾವಲುಗಾರರಿಗೆ ಲಂಚ ಕೊಟ್ಟು ಅವನು ತಪ್ಪಿಸಿಕೊಂಡನು. ಆರ್ಮೇನಿಯದ ಮೂಲಕ ದೂರದ ಸಿಥಿಯನರ ಅರಸನನ್ನು ಸೇರುವುದು ಅವನ ಉದ್ದೇಶ. ಆ ಅರಸ ಇವನಿಗೆ ಬಂಧು. ಹೊರಡಲು ಹೂಡಿದ ನೆಪ ಯಾವುದು ಗೊತ್ತೇ? ಬೇಟೆ! ಬೇಟೆಯಾಡದವನೆಂದು ರಾಜ್ಯ ಕಳೆದುಕೊಂಡವನು ಬೇಟೆಯ ಸೋಗಿನಲ್ಲಿ ಕಾಡು ಹೊಕ್ಕು, ಕುದುರೆಗಳನ್ನು ಬಯಸದವನು ವೇಗದ ಕುದುರೆಯನ್ನೇ ನಂಬಿ ಪಿರಮಸ್ ನದಿಯವರೆಗೆ ಓಡಿದನು. ಸುದ್ದಿ ತಿಳಿದ ನೆರೆಯ ಜನ ಸೇತುವೆಗಳನ್ನು ಮುರಿದಿದ್ದರು. ಹೊಳೆ ದಾಟುವಂತಿರಲಿಲ್ಲ. ಅಶ್ವದಳದ ವಿಬಿಯಸ್ ಫ್ರಾಂಟೊ ದಡದಲ್ಲಿಯೇ ಅವನನ್ನು ಸೆರೆಹಿಡಿದನು. ಸ್ವಲ್ಪ ಹೊತ್ತಿನಲ್ಲಿ, ಹಿಂದೆ ಇವನ ಕಾವಲಿಗಿದ್ದ ರೆಮಿಯಸ್ ಎಂಬ ಹಳೆಯ ಸಿಪಾಯಿ ಕೋಪಬಂದವನಂತೆ ಕತ್ತಿಯಿಂದ ತಿವಿದು ಕೊಂದನು. ಲಂಚದ ಗುಟ್ಟು ಹೊರಬಿದ್ದೀತೆಂಬ ಭಯವೇ ಕಾರಣವೆಂದು ಜನ ನಂಬಿದರಂತೆ. ಸ್ವೆಟೋನಿಯಸನು ಮಾತ್ರ ಬೇರೆ ಹೇಳುತ್ತಾನೆ: ಇವನು ತಂದಿದ್ದ ನಿಧಿಗಾಗಿ ಟೈಬೀರಿಯಸನೇ ಮೋಸದಿಂದ ಕೊಲ್ಲಿಸಿದನೆಂದು. ನನಗೆ ಸಿಪಾಯಿಯ ಕಥೆಯೇ ಹೆಚ್ಚು ನಂಬಲರ್ಹವಾಗಿ ತೋರುತ್ತದೆ. ಆ ಹೊತ್ತಿಗೆ ವೊನೋನೀಸನನ್ನು ಕೊಲ್ಲುವಷ್ಟು ದೊಡ್ಡವನೆಂದು ಯಾವ ಚಕ್ರವರ್ತಿಯೂ ಎಣಿಸುವಂತಿರಲಿಲ್ಲ.