ಹಕೀಮ್ ಅಜ್ಮಲ್ ಖಾನ್ ಮತ್ತು ಕಹಿ ಬೇರು

ಭಾಗಮಂಡಲದ ಸೀಮೆಯನ್ನೊಳಗೊಂಡ ಪಶ್ಚಿಮ ಘಟ್ಟದಲ್ಲಿ, ಮರಗಳ ನೆರಳಿನಲ್ಲಿ, ಸರ್ಪಗಂಧಿ ಎಂಬ ಸಣ್ಣ ಗಿಡ ಬೆಳೆಯುತ್ತದೆ. ಅದರ ಬೇರು ಬಹಳ ಕಹಿ. ಉತ್ತರ ಭಾರತದ ಹಳ್ಳಿಗಳಲ್ಲಿ ಅದಕ್ಕೆ ಹುಚ್ಚಿನ ಮದ್ದು ಎಂದೇ ಹೆಸರು. ಈ ಬೇರು ಆಧುನಿಕ ಪ್ರಯೋಗಶಾಲೆ ತಲುಪಿದ ಕಥೆಯಲ್ಲಿ ದಿಲ್ಲಿಯ ಹಕೀಮ್ ಅಜ್ಮಲ್ ಖಾನರ ಪಾಲು ದೊಡ್ಡದು.

1868ರಲ್ಲಿ ದಿಲ್ಲಿಯ ಪ್ರಸಿದ್ಧ ಹಕೀಮ್ ಮನೆತನದಲ್ಲಿ ಹುಟ್ಟಿದ ಅವರು ಕುರ್‌ಆನ್ ಕಂಠಪಾಠ ಮಾಡಿ, ಮನೆಯ ಹಿರಿಯರಿಂದಲೇ ಯೂನಾನಿ ವೈದ್ಯ ಕಲಿತರು. 1892ರಲ್ಲಿ ರಾಂಪುರದ ನವಾಬರ ಮುಖ್ಯ ವೈದ್ಯರಾದರು. ದಿಲ್ಲಿಯ ಬಡ ರೋಗಿಗಳಿಂದ ಅವರು ಶುಲ್ಕ ಪಡೆಯುತ್ತಿರಲಿಲ್ಲ. ಖಿಲಾಫತ್ ಚಳವಳಿಯ ಕಾಲದಲ್ಲಿ ಬ್ರಿಟಿಷರ ಬಿರುದನ್ನು ಮರಳಿಸಿದ್ದು, 1921ರಲ್ಲಿ ಕಾಂಗ್ರೆಸ್ಸಿನ ಅಧ್ಯಕ್ಷರಾದದ್ದು, ಜಾಮಿಯಾ ಮಿಲ್ಲಿಯಾದ ಮೊದಲ ಕುಲಪತಿಯಾದದ್ದು ಹೆಚ್ಚಿನ ಓದುಗರಿಗೆ ತಿಳಿದದ್ದೇ.

ಆದರೆ ಅವರ ಮನಸ್ಸೆಲ್ಲ ತಿಬ್ಬಿಯಾ ಕಾಲೇಜಿನಲ್ಲಿತ್ತು. 1921ರಲ್ಲಿ ಗಾಂಧೀಜಿ ಉದ್ಘಾಟಿಸಿದ ಈ ಕಾಲೇಜಿನಲ್ಲಿ ಯೂನಾನಿ, ಆಯುರ್ವೇದ ಎರಡನ್ನೂ ಕಲಿಸಲಾಗುತ್ತಿತ್ತು. ಅಜ್ಜಂದಿರ ಮದ್ದನ್ನು ಕೇವಲ ಹೊಗಳಿ ಕೂತರೆ ಸಾಲದು, ಪರೀಕ್ಷೆಗೆ ಒಡ್ಡಬೇಕು ಎಂಬುದು ಅವರ ನಿಲುವು. ಅದಕ್ಕಾಗಿಯೇ ಸಲೀಮುಝ್ಝಮಾನ್ ಸಿದ್ದೀಖಿ ಎಂಬ ತರುಣನ ಜರ್ಮನಿಯ ವ್ಯಾಸಂಗಕ್ಕೆ ನೆರವಾದರು. ಫಲ ಕಾಣುವ ಮೊದಲೇ, 1927ರ ಡಿಸೆಂಬರಿನಲ್ಲಿ ಹಕೀಮರು ಇಹಲೋಕ ತ್ಯಜಿಸಿದರು. ಸಿದ್ದೀಖಿಯವರು 1931ರಲ್ಲಿ ಸರ್ಪಗಂಧಿಯ ಬೇರಿನಿಂದ ಬೇರ್ಪಡಿಸಿದ ಒಂದು ವಸ್ತುವಿಗೆ ಅಜ್ಮಲಿನ್ ಎಂದು ಹೆಸರಿಟ್ಟು ಋಣ ತೀರಿಸಿದರು. ಅದು ಕೆಲಸಕ್ಕೆ ಬಂದದ್ದು ಹೃದಯದ ಬಡಿತಕ್ಕೆ, ಮನೋರೋಗಕ್ಕಲ್ಲ!

ಮನೋರೋಗಕ್ಕೆ ಒದಗಿದ್ದು ಅದೇ ಬೇರಿನ ರಿಸರ್ಪಿನ್. ಬೇರು ಹುಚ್ಚನ್ನು ಶಮನಗೊಳಿಸುವುದನ್ನು ಕಲ್ಕತ್ತೆಯ ಸೇನ್ ಮತ್ತು ಬೋಸ್ 1931ರಲ್ಲೇ ಬರೆದಿದ್ದರು. 1952ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ರಿಸರ್ಪಿನ್ ಬೇರ್ಪಟ್ಟಿತು. 1954ರ ಹೊತ್ತಿಗೆ ಅಮೇರಿಕದ ಆಸ್ಪತ್ರೆಗಳಲ್ಲೂ ಬಳಕೆಗೆ ಬಂತು. ಅದೇ 1950ರ ದಶಕದಲ್ಲಿ ಬಂದ ಇತರ ಔಷಧಗಳೂ ಸೇರಿ, ಬೀಗ ಹಾಕಿದ ಕೋಣೆಗಳಿಂದ ಅನೇಕ ರೋಗಿಗಳು ಮನೆಗೆ ಮರಳುವಂತಾಯಿತು. ಬೆಂಗಳೂರಿನ ಹಳೆಯ ಹುಚ್ಚಾಸ್ಪತ್ರೆಗೆ 1925ರಲ್ಲಿ ಮಾನಸಿಕ ಆಸ್ಪತ್ರೆ ಎಂಬ ಹೆಸರು ಬಂದಿತ್ತು. 1954ರಲ್ಲಿ ಅದರ ಜೊತೆ ಅಖಿಲ ಭಾರತ ಸಂಸ್ಥೆ ಸ್ಥಾಪನೆಯಾಗಿ, 1974ರಲ್ಲಿ ಎರಡೂ ಸೇರಿ ನಿಮ್ಹಾನ್ಸ್ ಆಯಿತು.

ರಿಸರ್ಪಿನ್ ಬಹುಕಾಲ ಉಳಿಯಲಿಲ್ಲ. ರಕ್ತದೊತ್ತಡ ತೀರಾ ಇಳಿಸುತ್ತದೆ, ಕೆಲವರಲ್ಲಿ ಖಿನ್ನತೆ ಕಂಡುಬಂತು ಎಂದು ವೈದ್ಯರು ಅದನ್ನು ಬದಿಗಿಟ್ಟರು. ಆದ್ದರಿಂದ ಕಾಡಿನ ಬೇರನ್ನು ಅಗೆದು ತಂದು ಮನೆಯಲ್ಲೇ ಅರೆದು ಕುಡಿಸುವುದು ಅಪಾಯ.

ಮಗಳು ಊಟ ಬಿಟ್ಟು ಮೂಲೆ ಹಿಡಿದರೆ ಜಿನ್ನ್ ಬಾಧೆ ಎಂದು ತಾಯಿತ ಹುಡುಕುವವರು, ಮದುವೆ ತಪ್ಪೀತೆಂದು ರೋಗವನ್ನೇ ಮುಚ್ಚಿಡುವವರು ನಮ್ಮ ಮನೆಗಳಲ್ಲಿ ಇಂದಿಗೂ ಇದ್ದಾರೆ. ಅಲ್ಲಾಹನು ಪ್ರತಿ ರೋಗಕ್ಕೂ ಔಷಧ ಇಳಿಸಿದ್ದಾನೆಂಬ ಪ್ರವಾದಿ(ಸ)ರ ಬೋಧನೆ ಜ್ವರಕ್ಕೆ ಮಾತ್ರ ಅನ್ವಯಿಸುತ್ತದೆಯೇ? ದುಆ ಮಾಡುವ ಕೈ ವೈದ್ಯರ ಚೀಟಿ ಹಿಡಿಯಲು ಯಾವ ಅಡ್ಡಿಯೂ ಇಲ್ಲ. 2001ರ ಆಗಸ್ಟಿನಲ್ಲಿ ತಮಿಳುನಾಡಿನ ಏರ್ವಾಡಿಯಲ್ಲಿ, ದರ್ಗಾಕ್ಕೆ ಕರೆತಂದು ಖಾಸಗಿ ಶೆಡ್ಡೊಂದರಲ್ಲಿ ಸರಪಳಿ ಬಿಗಿದಿದ್ದ 28 ರೋಗಿಗಳು ಬೆಂಕಿಗೆ ಬಲಿಯಾದರು. ಓಡಲು ಅವರಿಗೆ ಕಾಲಿತ್ತು, ಬಿಡುಗಡೆ ಇರಲಿಲ್ಲ. 2017ರ ಮಾನಸಿಕ ಆರೋಗ್ಯ ಕಾಯಿದೆ ರೋಗಿಗೆ ಸರಪಳಿ ಹಾಕುವುದನ್ನು ನಿಷೇಧಿಸಿದೆ.